ಅರ್ಧಕ್ಕೆ ನಿಲ್ಲಿಸುವುದನ್ನು ಕಲಿಸಿದ ಮೇಷ್ಟ್ರು

ಮೇಷ್ಟ್ರು ತೀರಿಹೋದ ಸುದ್ದಿ ನಮ್ಮ ಎಂಜಿನಿಯರಿಂಗ್ ಬ್ಯಾಚಿನ ವಾಟ್ಸ್ಯಾಪ್ ಗುಂಪಿಗೆ ಬಂದ ರಾತ್ರಿ, ಎಲ್ಲರಿಗಿಂತ ಮೊದಲು ಯಾರೋ ಹಾಕಿದ್ದು ಒಂದು ಫೋಟೋ: ರಬ್ಬರ್ ಬ್ಯಾಂಡ್ ಸುತ್ತಿದ ಹಳೇ ಶೂ ಡಬ್ಬಿ. ಅದರೊಳಗೆ ಏನಿದೆ ಎಂದು ಒಬ್ಬರೂ ಕೇಳಲಿಲ್ಲ. 2003ರಿಂದ 2007ರವರೆಗೆ ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಓದಿದವರ ಮಂಚದ ಕೆಳಗೆ ಅಂಥದ್ದೊಂದು ಇದ್ದೇ ಇರುತ್ತಿತ್ತು. ಒಳಗೆ ಸರ್ಕ್ಯೂಟ್ ಕಟ್ಟಿ ನೋಡುವ ತೂತುಗಳ ಹಲಗೆ, ಅಂದರೆ ಬ್ರೆಡ್‌ಬೋರ್ಡ್, ಅದರ ಮೇಲೊಂದು ಚೀಟಿ.

ಆ ಚೀಟಿ ಬರೆಯುವುದನ್ನು ಕಲಿಸಿದವರು ಮೇಷ್ಟ್ರು. ಹವ್ಯಾಸಕ್ಕೆ ಮಾಡುವ ಸರ್ಕ್ಯೂಟ್ ಹಾಳಾಗುವುದು ಡಿಸೈನ್ ತಪ್ಪಿನಿಂದಲ್ಲ, ನಡುವೆ ಬರುವ ಕಿರುಪರೀಕ್ಷೆಗಳಿಂದ, ಅಂದರೆ ಇಂಟರ್ನಲ್ಸ್‌ನಿಂದ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸೆಮಿಸ್ಟರಿಗೆ ಮೂರು ಇಂಟರ್ನಲ್ಸ್, 85 ಪರ್ಸೆಂಟ್ ಅಟೆಂಡೆನ್ಸ್, ವಾರವಾರವೂ ರೆಕಾರ್ಡ್, ಮೇಲೆ ಫೆಸ್ಟ್ ಕಮಿಟಿ. ಹದಿನೈದು ದಿನ ಬಿಟ್ಟು ಡಬ್ಬಿ ತೆರೆದರೆ ಯಾವ ವೈರ್ ಎಲ್ಲಿಗೆ ಹೋಗಬೇಕಿತ್ತೆಂದು ಕಟ್ಟಿದವನಿಗೇ ನೆನಪಿರುವುದಿಲ್ಲ. ಹಾಗಾಗಿ ಸೋಲ್ಡರಿಂಗ್ ಐರನ್ ಆರಿಸುವ ಮೊದಲು ಮೂರು ಸಾಲು ಬರೆಯಬೇಕು: ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಬಂತು, ಯಾವುದರ ಮೇಲೆ ಅನುಮಾನ, ಮುಂದೆ ಮಾಡಬೇಕಾದ್ದು ಏನು. ಮುಂದಿನದು ಒಂದೇ ಕೆಲಸ ಇರಬೇಕು, ಎರಡಿರಬಾರದು. ಬ್ಯಾಟರಿ ಕಳಚಿಯೇ ಇಡಬೇಕು. ಸೋರಿದರೆ ಕ್ಲಿಪ್ಪನ್ನೇ ತಿಂದುಹಾಕುತ್ತದೆ. ಕೆಲಸವನ್ನು ಹೊತ್ತಿಗೆ ತಕ್ಕಂತೆ ತುಂಡು ಮಾಡುವುದನ್ನೂ ಅವರೇ ಹೇಳಿಕೊಟ್ಟರು. ಅರ್ಧ ಗಂಟೆ ಸಿಕ್ಕರೆ ವೈರಿನ ತುದಿ ಸುಲಿದು ಸೀಸ ಹತ್ತಿಸಿಡುವುದು. ಎರಡು ಗಂಟೆ ಸಿಕ್ಕರೆ ಒಂದು ಭಾಗ ಕೂಡಿಸಿ ಅಳೆಯುವುದು. ಎಚ್ಚಿಂಗ್, ಅಂದರೆ ಬೋರ್ಡಿನ ಮೇಲಿನ ಬೇಡದ ತಾಮ್ರ ಕರಗಿಸುವುದು, ಭಾನುವಾರಕ್ಕೆ ಮಾತ್ರ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಭಾನುವಾರ ಬಹುತೇಕ ಅಂಗಡಿ ಮುಚ್ಚಿರುವುದರಿಂದ ಸಾಮಾನೆಲ್ಲ ಶನಿವಾರವೇ ಬರಬೇಕು, ಒಂದು ಐಸಿ ಚಿಪ್ ಬೇಕಿದ್ದರೆ ಎರಡು.

ಎಲ್ಲರೂ ಮೊದಲು ಕಟ್ಟುತ್ತಿದ್ದದ್ದು 5 ವೋಲ್ಟ್, ಅರ್ಧ ಆಂಪಿಯರಿನ ಪವರ್ ಸಪ್ಲೈ. 9 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, 5 ವೋಲ್ಟನ್ನು ಸ್ಥಿರವಾಗಿ ಕೊಡುವ ಒಂದು 7805 ಚಿಪ್. ಎಲ್‌ಇಡಿ ಹತ್ತುತ್ತದೆ, ಹುಡುಗರು ಕುಣಿಯುತ್ತಾರೆ, ಆಂಪ್ಲಿಫೈಯರ್ ಜೋಡಿಸಿದ ಕೂಡಲೇ ಗುಂಯ್ ಎನ್ನುತ್ತದೆ. ಮೇಷ್ಟ್ರು ಸೀಮೆಸುಣ್ಣ ತಗೊಂಡು ಲ್ಯಾಬಿನ ಬೆಂಚಿನ ಮೇಲೇ ಲೆಕ್ಕ ಹಾಕುತ್ತಿದ್ದರು. 9 ವೋಲ್ಟ್ ಎಸಿಯ ಅಲೆ ಏರುವ ಗರಿಷ್ಠ ವೋಲ್ಟೇಜ್ 12.7, ಡಯೋಡುಗಳು ತಿನ್ನುವುದು 1.4, ಉಳಿದದ್ದು 11.3. ಕೆಪಾಸಿಟರ್ ತುಂಬುವುದು ಸೆಕೆಂಡಿಗೆ 100 ಸಲ. ನಡುವಿನ 10 ಮಿಲಿಸೆಕೆಂಡಿನಲ್ಲಿ ಅರ್ಧ ಆಂಪಿಯರ್ ಎಳೆದರೆ ಹತ್ತಿರ ಹತ್ತಿರ 5 ವೋಲ್ಟ್ ಇಳಿಯುತ್ತದೆ. 7805ಕ್ಕೆ ಕಡಿಮೆಯೆಂದರೂ 7 ವೋಲ್ಟ್ ಬೇಕು, ಸಿಗುವುದು 6.3. ಕೆಪಾಸಿಟರ್ 1000ದ ಬದಲು 2200 ಹಾಕಿದರೆ ಇಳಿಯುವುದು 2.3 ಮಾತ್ರ, ಗುಂಯ್ ನಿಲ್ಲುತ್ತದೆ. 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿಬಿಡೋಣ ಎಂದವರಿಗೆ, “ಹಾಕಪ್ಪಾ, 7805ರ ಮೇಲೆ ಬೆರಳಿಡಬೇಡ ಅಷ್ಟೆ” ಎನ್ನುತ್ತಿದ್ದರು. ಹೆಚ್ಚುವರಿ ವೋಲ್ಟೇಜೆಲ್ಲ ಶಾಖವಾಗಿ 5 ವ್ಯಾಟಿನ ಹತ್ತಿರ ಹೋಗುತ್ತದೆ, ಶಾಖ ಹೊರಹಾಕುವ ಹೀಟ್ ಸಿಂಕ್ ಇಲ್ಲದಿದ್ದರೆ 7805 ತಾನೇ ಬಾಗಿಲು ಹಾಕಿಕೊಳ್ಳುತ್ತದೆ.

ಎಚ್ಚಿಂಗ್ ಕಲಿಸಿದವರು ಲ್ಯಾಬಿನ ಅಟೆಂಡರ್ ಅಣ್ಣ. ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡನ್ನು ನೀರಿಗೆ ಹಾಕಬೇಕು, ಅದರ ಮೇಲೆ ನೀರು ಸುರಿಯಬಾರದು, ಬಿಸಿಯಾಗಿ ಎಗರುತ್ತದೆ. ಪ್ಲಾಸ್ಟಿಕ್ ತಟ್ಟೆಯೇ ಆಗಬೇಕು. ಮೆಸ್ಸಿನ ಅಲ್ಯೂಮಿನಿಯಂ ತಟ್ಟೆ ತೂತಾಗುತ್ತದೆ. ತೂತು ಕೊರೆಯಲು ಐಸಿಗೆ 0.8 ಮಿಲಿಮೀಟರ್ ಡ್ರಿಲ್ ಬಿಟ್, 4007ರ ದಪ್ಪ ಕಾಲಿಗೆ 1 ಮಿಲಿಮೀಟರ್‌ಗಿಂತ ಸ್ವಲ್ಪ ದೊಡ್ಡದು. ಅಂಗಿಗೆ ಬಿದ್ದ ಹಳದಿ ಕಲೆ ಹೋಗುವುದಿಲ್ಲ. ನಮ್ಮ ಬ್ಯಾಚಿನವರನ್ನು ಅಂಗಿ ನೋಡಿಯೇ ಗುರುತಿಸಬಹುದಿತ್ತು.

ತಂಟೆಯೂ ನಡೆಯಿತು. ನಮ್ಮಲ್ಲಿಬ್ಬರು ಮೇಷ್ಟ್ರ ಮೇಜಿನ ಕೆಳಗೆ ಒಂದು ಎಫ್‌ಎಂ ಟ್ರಾನ್ಸ್‌ಮಿಟರ್ ಅಂಟಿಸಿದರು. ಒಂದೇ ಟ್ರಾನ್ಸಿಸ್ಟರ್, ಪೆನ್ಸಿಲಿಗೆ ಐದು ಸುತ್ತು ಸುತ್ತಿದ ತಾಮ್ರದ ಕಾಯಿಲ್, 22 ಪಿಕೋಫ್ಯಾರಡ್ ಟ್ರಿಮ್ಮರ್, ಒಂದು ಕಂಡೆನ್ಸರ್ ಮೈಕ್, 75 ಸೆಂಟಿಮೀಟರ್ ವೈರಿನ ಆಂಟೆನಾ. ಬೆಂಗಳೂರಿನಲ್ಲಿ ಆಗ 91ಕ್ಕೂ 101.3 ಮೆಗಾಹರ್ಟ್ಸ್‌ಗೂ ನಡುವೆ ಎಫ್‌ಎಂ ಬ್ಯಾಂಡು ಖಾಲಿ. ಪಕ್ಕದ ಹಾಸ್ಟೆಲಿನಲ್ಲಿ ಹೊದ್ದು ಮಲಗಿದವರು ರೇಡಿಯೋದಲ್ಲಿ ಪಾಠ ಕೇಳಿದರು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತಾಗಲೆಲ್ಲ ಸ್ಟೇಷನ್ ಜಾರುತ್ತಿತ್ತು. ಮೂರನೇ ದಿನ ಅವರ ಮೊಣಕಾಲಿಗೇ ವೈರ್ ತಗುಲಿತು. ಕ್ಲಾಸ್ ಉಸಿರು ಹಿಡಿದಿತ್ತು. ಅವರು ಅದನ್ನು ಕಿತ್ತು, ಕನ್ನಡಕ ಮೇಲೆತ್ತಿ ನೋಡಿ, “ಕಟ್ಟಿದ್ದು ಯಾರಪ್ಪಾ? ಎಮಿಟರ್ ಹತ್ತಿರ ಡ್ರೈ ಸೋಲ್ಡರ್ ಇದೆ, ಬೆಸುಗೆ ಸರಿಯಾಗಿ ಹಿಡಿದಿಲ್ಲ. ಕೈ ಹತ್ತಿರ ಬಂದರೆ ಫ್ರೀಕ್ವೆನ್ಸಿ ಯಾಕೆ ಜಾರುತ್ತೆ, ಹೇಳು” ಎಂದರು. ಕೈಯೂ ಕಾಯಿಲಿಗೆ ಒಂದು ಕೆಪಾಸಿಟರಿನಂತೆ ಸೇರಿಕೊಳ್ಳುತ್ತದೆ ಎಂದು ಉತ್ತರ ಬಂದ ಮೇಲೆಯೇ ಬೈದದ್ದು. ಲೈಸೆನ್ಸ್ ಇಲ್ಲದೆ ಇಂಥ ಉಪಕರಣ ಇಟ್ಟುಕೊಳ್ಳುವುದೇ ಆಗ ಜಾರಿಯಲ್ಲಿದ್ದ 1933ರ ವೈರ್‌ಲೆಸ್ ಕಾಯಿದೆಯ ಪ್ರಕಾರ ಅಪರಾಧ ಎಂದು ತಿಳಿಸಿ, ಇಬ್ಬರನ್ನೂ ಹವ್ಯಾಸಿ ರೇಡಿಯೋದ ಹ್ಯಾಮ್ ಪರೀಕ್ಷೆಗೆ ಕೂರಿಸಿದರು. ಅವರಲ್ಲೊಬ್ಬ ಇಂದಿಗೂ ವಿಯು2 ಎಂದು ಶುರುವಾಗುವ ಕರೆಚಿಹ್ನೆಯಲ್ಲಿ ಮೋರ್ಸ್ ಕೋಡ್ ಕುಟ್ಟುತ್ತಾನೆ.

ಆ ನಾಲ್ಕು ವರ್ಷದ ಸಿಲಬಸ್ ನನಗೆ ಹೆಚ್ಚು ನೆನಪಿಲ್ಲ. ಬೆಂಚಿನ ಮೇಲಿನ ಸೀಮೆಸುಣ್ಣದ ಲೆಕ್ಕ ನೆನಪಿದೆ, ಅದರಿಂದಲೇ ಇಂದು ಇಪ್ಪತ್ತು ಎಂಜಿನಿಯರುಗಳ ತಂಡವನ್ನು ನಡೆಸುತ್ತಿದ್ದೇನೆ. ಹೊಸದಾಗಿ ಸೇರುವ ಮಕ್ಕಳು ಜಾಣರು. ಆದರೆ ಫೈನಲ್ ಇಯರ್ ಪ್ರಾಜೆಕ್ಟನ್ನು ಪ್ರಾಜೆಕ್ಟ್ ಮಾರುವ ಸೆಂಟರಿನಲ್ಲಿ ದುಡ್ಡು ಕೊಟ್ಟು ತಂದವರೇ ಬಹಳ. ಆರ್ಡುಯಿನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನ 5 ವೋಲ್ಟ್ ಪಿನ್ನಿನಿಂದಲೇ ಸರ್ವೊ ಮೋಟರಿಗೆ ಕರೆಂಟ್ ಕೊಡುತ್ತಾರೆ; ಮೋಟರ್ ತಿರುಗಿದಾಗಲೆಲ್ಲ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ, ಅವರು ತಪ್ಪನ್ನು ಪ್ರೋಗ್ರಾಮಿನಲ್ಲಿ ಹುಡುಕುತ್ತಾರೆ. ಮೀಟರ್ ಹಿಡಿದು ಅಳೆಯಲು ಅವರಿಗೆ ಯಾರೂ ಹೊತ್ತು ಕೊಟ್ಟಿಲ್ಲ, ಅದೇ ನನ್ನ ಸಂಕಟ.

ನಮ್ಮ ಬ್ಯಾಚ್ ಬಿಟ್ಟುಬಂದದ್ದು ಫೆಸ್ಟಿನ ಕ್ವಿಜ್ ಬಜರ್, ಎಂಟು ತಂಡಕ್ಕೆ. ಯಾವ ಸ್ವಿಚ್ ಒತ್ತಿದ್ದೆಂದು ಹಿಡಿದಿಡುವ 74ಎಲ್‌ಎಸ್373 ಲ್ಯಾಚ್ ಚಿಪ್, ಅದರ ಎಂಟೂ ಔಟ್‌ಪುಟ್ ಒಂದು 74ಎಲ್‌ಎಸ್30 ಗೇಟಿಗೆ. ಯಾರು ಮೊದಲು ಒತ್ತಿದರೂ ಆ ಗೇಟ್ 7400 ಎಂಬ ಇನ್ನೊಂದು ಗೇಟ್ ಚಿಪ್ಪಿನ ಮೂಲಕ ಲ್ಯಾಚನ್ನು ಅಲ್ಲೇ ಬೀಗ ಹಾಕುತ್ತದೆ. ಲ್ಯಾಬಿನಲ್ಲಿ ಸರಿಯಾಗಿ ನಡೆದದ್ದು ಆಡಿಟೋರಿಯಮ್ಮಿನಲ್ಲಿ ಟ್ಯೂಬ್‌ಲೈಟ್ ಹಾಕಿದರೆ ಸಾಕು, ಯಾರೂ ಒತ್ತದೆ ಕೂಗಿತು. ಸ್ವಿಚ್ಚಿಗೆ ಎಳೆದ 15 ಮೀಟರ್ ವೈರ್ ಆಂಟೆನಾ ಆಗಿತ್ತು. ಒತ್ತದಿದ್ದಾಗ ಇನ್‌ಪುಟ್ಟನ್ನು 5 ವೋಲ್ಟಿನಲ್ಲಿ ಹಿಡಿದಿಡುವ 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ ಬದಲು 1 ಕಿಲೋಓಮ್, ಪ್ರತಿ ಇನ್‌ಪುಟ್ಟಿಗೂ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಹೆಣೆದ ಟೆಲಿಫೋನ್ ವೈರ್ ಹಾಕಿದ ಮೇಲೆ ಸುಮ್ಮನಾಯಿತು.

ಆ ಬಜರ್ ಲ್ಯಾಬಿನ ಬೀರುವಿನಲ್ಲಿ ಈಗಲೂ ಇದೆ ಎಂದು ಅಟೆಂಡರ್ ಅಣ್ಣ ಫೋನಿನಲ್ಲಿ ಹೇಳಿದರು. ಈ ಸಲದ ಫೆಸ್ಟಿಗೆ ಯಾರಾದರೂ ತೆಗೆಯುವುದಾದರೆ ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಪವರ್ ಸಪ್ಲೈನ 2200ರ ಕೆಪಾಸಿಟರ್ ಒಣಗಿರುತ್ತದೆ, ಮೊದಲು ಅದನ್ನು ಬದಲಿಸಿ. ಐಸಿಗಳನ್ನು ಸಾಕೆಟ್ಟಿನಿಂದ ಬಿಡಿಸಿ ಡಬ್ಬಿಯಲ್ಲೇ ಇಟ್ಟಿದ್ದೇವೆ. 5 ವೋಲ್ಟ್ ಸರಿಯಾಗಿ ಬಂದ ಮೇಲೆ ಹಾಕಿ. ಆರನೇ ತಂಡದ ಸ್ವಿಚ್ ಸಡಿಲವಿದೆ. ಅದೆಲ್ಲ ಮುಚ್ಚಳದ ಒಳಗಡೆ ಅಂಟಿಸಿದ ಚೀಟಿಯಲ್ಲಿದೆ, ಕೊನೆಯ ಸಾಲು ಮೇಷ್ಟ್ರ ಕೈಬರಹ.