ನಿಂತರೆ ತಣ್ಣಗೆ, ಓಡಿದರೆ ಬಿಸಿ

ಜನವರಿ 18, 2025, ಶನಿವಾರ
ಮಿನಿಯಾಪೊಲಿಸ್

ಈ ವಾರ ಪೂರ್ತಿ ಕಾರಿನ ಹೀಟರ್‌ದು ಒಂದೇ ಆಟ. ಹೈವೇಯಲ್ಲಿ ಬಿಸಿ ಗಾಳಿ ಚೆನ್ನಾಗಿಯೇ ಬರುತ್ತದೆ, ಸಿಗ್ನಲ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಅದೇ ಕಿಂಡಿಯಿಂದ ತಣ್ಣನೆ ಗಾಳಿ. ಹೊರಟರೆ ಮತ್ತೆ ಬಿಸಿ. ಸೋಮವಾರದ ಹೊತ್ತಿಗೆ ಮೈನಸ್ 25 ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ ಅಂತ ಹವಾಮಾನದವರು ಹೇಳುತ್ತಿದ್ದಾರೆ. ಹಾಗಾಗಿ ಇವತ್ತೇ ಬಾನೆಟ್ ಎತ್ತಿದೆ.

ಪಕ್ಕದ ಮನೆಯ ಸಾಗರದವರು ಟೀ ಲೋಟ ಹಿಡಿದುಕೊಂಡೇ ಬಂದರು. "ಥರ್ಮೋಸ್ಟಾಟ್ ಹೋಗಿರ್ತದೆ ಮಾರಾಯ್ರೆ, ಹೊಸತು ಹಾಕ್ಬಿಡಿ" ಅಂದರು. ಹೀಟರ್ ಕೆಟ್ಟಿತು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಅದೇ. ನನಗೆ ಒಪ್ಪಿಗೆಯಾಗಲಿಲ್ಲ. ಥರ್ಮೋಸ್ಟಾಟ್ ಅಂದರೆ ಇಂಜಿನ್ ಕಾಯುವವರೆಗೆ ಅದನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್, ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಪುಟ್ಟ ಬಾಗಿಲು. ಅದು ತೆರೆದೇ ನಿಂತುಬಿಟ್ಟರೆ ಈ ಚಳಿಯಲ್ಲಿ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಟೆಂಪರೇಚರ್ ಮುಳ್ಳು ಕೆಳಗೇ ಇರುತ್ತದೆ, ಹೈವೇಯಲ್ಲಿ ಗಾಳಿ ಬಡಿದು ಇನ್ನೂ ತಣ್ಣಗಾಗುತ್ತದೆ. ನನ್ನದು ಉಲ್ಟಾ ಅಲ್ವಾ? ಮುಳ್ಳು ಮಧ್ಯದಲ್ಲೇ ಇದೆ, ಓಡುವಾಗಲೇ ಬಿಸಿ.

ಪೆಟ್ರೋಲ್ ಕಾರಿನ ಹೀಟರ್‌ಗೆ ಬೇರೆ ಒಲೆ ಇಲ್ಲ. ಡ್ಯಾಶ್‌ಬೋರ್ಡ್ ಹಿಂದೆ ಹೀಟರ್ ಕೋರ್ ಅಂತ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ. ಇಂಜಿನ್‌ನಲ್ಲಿ ಕಾದ ಕೂಲಂಟ್ ಅದರೊಳಗೆ ಹರಿಯುತ್ತದೆ, ಫ್ಯಾನ್ ಅದರ ಮೇಲಿಂದ ಗಾಳಿ ಊದುತ್ತದೆ, ಅಷ್ಟೇ. ಕೂಲಂಟ್ ಹರಿಸುವ ವಾಟರ್ ಪಂಪ್ ನನ್ನ ಕಾರಿನಲ್ಲಿ ಬೆಲ್ಟ್ ಮೇಲೆ ಓಡುತ್ತದೆ. ಇಂಜಿನ್ ನಿಧಾನವಾದರೆ ಅದೂ ನಿಧಾನ. ಹೈವೇಯಲ್ಲಿ ನಿಮಿಷಕ್ಕೆ 2000 ಸುತ್ತಿಗೂ ಮೇಲೆ ತಿರುಗುವ ಇಂಜಿನ್ ಸಿಗ್ನಲ್‌ನಲ್ಲಿ 700 ಆರ್‌ಪಿಎಂಗೆ ಇಳಿಯುತ್ತದೆ. ಕೂಲಂಟ್ ಭರ್ತಿ ಇದ್ದರೆ ಅಷ್ಟು ವೇಗವೇ ಸಾಕು. ಆದರೆ ಕಡಿಮೆಯಾಗಿದ್ದರೆ, ಇಲ್ಲಾ ಪೈಪಿನೊಳಗೆ ಎಲ್ಲೋ ಗಾಳಿ ಸಿಕ್ಕಿಕೊಂಡಿದ್ದರೆ, ಪಂಪ್‌ಗೆ ಕೂಲಂಟನ್ನು ಕೋರ್‌ವರೆಗೆ ತಳ್ಳುವ ಶಕ್ತಿ ಇರುವುದಿಲ್ಲ.

ನಿಂತಲ್ಲೇ ರೇಸ್ ಕೊಟ್ಟು 2000ದಲ್ಲಿ ಹಿಡಿದೆ, ಗಾಳಿ ಬಿಸಿಯಾಯಿತು. ಕಾಲು ತೆಗೆದೆ, ತಣ್ಣಗಾಯಿತು. ಹೀಟರ್‌ಗೆ ಹೋಗುವ ಎರಡು ಹೋಸ್ ಮುಟ್ಟಿ ನೋಡಿದೆ. ರೇಸ್ ಕೊಟ್ಟಾಗ ಎರಡೂ ಬಿಸಿ. ಬಿಟ್ಟರೆ ವಾಪಸ್ ಬರುವುದು ಉಗುರುಬೆಚ್ಚಗೆ. ಕೋರ್ ಕಟ್ಟಿಕೊಂಡಿದ್ದರೆ ಆ ಹೋಸ್ ರೇಸ್ ಕೊಟ್ಟಾಗಲೂ ಇಷ್ಟು ಕಾಯುತ್ತಿರಲಿಲ್ಲ. ಬಿಸಿ, ತಂಪು ಗಾಳಿ ಬೆರೆಸುವ ಒಳಗಿನ ಫ್ಲಾಪ್ ಕೆಟ್ಟಿದ್ದರೆ ಅದಕ್ಕೂ ಇಂಜಿನ್ ವೇಗಕ್ಕೂ ಸಂಬಂಧವೇ ಇಲ್ಲ.

ಇನ್ನು ಕೂಲಂಟ್. ಕಾದು ಹಿಗ್ಗಿದ ಕೂಲಂಟ್ ಬಂದು ಸೇರುವ, ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧಕ್ಕೂ ಜಾಸ್ತಿ ಇತ್ತು. ಹೆಚ್ಚಿನವರು ಇದನ್ನು ನೋಡಿ ಸರಿಯಾಗಿದೆ ಅಂತ ಬಾನೆಟ್ ಮುಚ್ಚುತ್ತಾರೆ. ನನ್ನಂಥ ಹಳೇ ಕಾರಿನಲ್ಲಿ ಡಬ್ಬಿ ತುಂಬಿದ್ದೂ ರೇಡಿಯೇಟರ್ ಖಾಲಿ ಇರಬಹುದು. ಎಲ್ಲೋ ಸೋರಿಕೆ ಇದ್ದು ಗಾಳಿ ಒಳಗೆ ಬಂದರೆ, ತಣ್ಣಗಾದಾಗ ಡಬ್ಬಿಯಿಂದ ವಾಪಸ್ ಎಳೆದುಕೊಳ್ಳುವುದೇ ಇಲ್ಲ. ಹಾಗಾಗಿ ರೇಡಿಯೇಟರ್ ಕ್ಯಾಪನ್ನೇ ತೆಗೆಯಬೇಕು, ಅದೂ ಇಂಜಿನ್ ಪೂರ್ತಿ ಆರಿದ ಮೇಲೆ. ಬಿಸಿ ಇರುವಾಗ ತೆಗೆಯುವುದು ಪ್ರೆಷರ್ ಇಳಿಯದ ಕುಕ್ಕರ್ ಮುಚ್ಚಳ ತೆಗೆದ ಹಾಗೆ, ಮುಖ ಸುಡುತ್ತದೆ. ಮಧ್ಯಾಹ್ನದವರೆಗೆ ಕಾದು ತೆಗೆದೆ. ಒಳಗೆ ಕೂಲಂಟ್ ಕಾಣಿಸಲೇ ಇಲ್ಲ.

ಊರಲ್ಲಾದರೆ ಶಿರಾಡಿ ಘಾಟಿ ಹತ್ತುವಾಗ ಕಾದ ಗಾಡಿಗೆ ಹಳ್ಳದ ನೀರು ಹೊಯ್ದು ಮುಂದೆ ಹೋಗುತ್ತಿದ್ದರು. ಇಲ್ಲಿ ಬರೀ ನೀರು ಹಾಕಿದರೆ ರಾತ್ರಿ ಗಡ್ಡೆ ಕಟ್ಟಿ, ಹಿಗ್ಗಿ, ಇಂಜಿನ್ ಬ್ಲಾಕನ್ನೇ ಸೀಳಬಹುದು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ಚೆಲ್ಲಿದ್ದನ್ನು ಒರೆಸಲೇಬೇಕು. ರುಚಿ ಸಿಹಿ ಅಂತ ನಾಯಿ, ಬೆಕ್ಕು ನೆಕ್ಕುತ್ತವೆ, ಅವಕ್ಕೆ ಅದು ಪಕ್ಕಾ ವಿಷ.

ಸುಮ್ನೆ ತುಂಬಿದರೆ ಗಾಳಿ ಒಳಗೇ ಉಳಿಯುತ್ತದೆ. ಮುಂದಿನ ಚಕ್ರಗಳನ್ನು ರ‍್ಯಾಂಪ್ ಮೇಲೆ ಹತ್ತಿಸಿ ಕ್ಯಾಪ್ ಇರುವ ಜಾಗ ಎತ್ತರ ಮಾಡಿದೆ, ಫನಲ್ ಸಿಕ್ಕಿಸಿದೆ, ಹೀಟರ್ ಫುಲ್ ಬಿಸಿಗೆ ತಿರುಗಿಸಿ ಇಂಜಿನ್ ಶುರು ಮಾಡಿದೆ. ಗ್ಯಾರೇಜ್ ಬಾಗಿಲು ಪೂರ್ತಿ ತೆರೆದೇ. ಚಳಿ ಅಂತ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಥರ್ಮೋಸ್ಟಾಟ್ ತೆರೆದ ಮೇಲೆ ಗುಳುಗುಳು ಅಂತ ಗುಳ್ಳೆ ಶುರುವಾಯಿತು, ಫನಲ್‌ನ ಮಟ್ಟ ಇಳಿಯಿತು, ಮತ್ತೆ ಹಾಕಿದೆ. ಗುಳ್ಳೆ ನಿಂತ ಹೊತ್ತಿಗೆ ಇಂಜಿನ್ 700ರಲ್ಲೇ ಇದ್ದೂ ಕಿಂಡಿಗೆ ಕೈ ಒಡ್ಡಲಾಗದಷ್ಟು ಬಿಸಿ.

ಸರಿ, ಇದ್ದ ಕೂಲಂಟ್ ಹೋಯಿತೆಲ್ಲಿಗೆ? ಇದನ್ನು ಕೇಳದೆ ಬಿಟ್ಟರೆ ಮುಂದಿನ ತಿಂಗಳು ಮತ್ತೆ ಇದೇ ಕೆಲಸ. ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಒಣಗಿತ್ತು, ಗಾಜಿನ ಮೇಲೆ ಎಣ್ಣೆಯಂಥ ಮಂಜು ಇಲ್ಲ, ಹಾಗಾಗಿ ಕೋರ್ ಸೋರುತ್ತಿಲ್ಲ. ಇಂಜಿನ್ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿಲ್ಲ, ಕಾದ ಮೇಲೆ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆಯೂ ಇಲ್ಲ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೇಲಿನ ಅನುಮಾನ ಸದ್ಯಕ್ಕೆ ಬಿಟ್ಟೆ, ಅದು ಹೋಗಿದ್ದರೆ ಈ ಕಾರಿನ ಬೆಲೆಗಿಂತ ಖರ್ಚೇ ಜಾಸ್ತಿ. ಕೊನೆಗೆ ಟಾರ್ಚ್ ಹಾಕಿ ನೋಡಿದರೆ ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನ ಸುತ್ತ ಗುಲಾಬಿ ಬಣ್ಣದ ಪುಡಿ ಒಣಗಿ ಅಂಟಿತ್ತು. ಪಂಪ್‌ನ ಸೀಲ್ ಸವೆದರೆ ಅಲ್ಲಿಂದಲೇ ಹನಿಯುವುದು, ಆ ತೂತು ಇಟ್ಟಿರುವುದೇ ಅದಕ್ಕೆ.

ಪಂಪ್, ಗ್ಯಾಸ್ಕೆಟ್ ಆರ್ಡರ್ ಮಾಡಿದ್ದೇನೆ, ಬುಧವಾರ ಬರುತ್ತದಂತೆ. ಅಲ್ಲಿಯವರೆಗೆ ದಿನಾ ಬೆಳಗ್ಗೆ ಕಾರು ಶುರು ಮಾಡುವ ಮುಂಚೆ ಕ್ಯಾಪ್ ತೆಗೆದು ಮಟ್ಟ ನೋಡಬೇಕು. ಬೆರೆಸಿದ ಕೂಲಂಟ್ ಒಂದು ಕ್ಯಾನ್ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಸೋಮವಾರ ಹೇಗೂ ರಜೆ, ಕಾರು ತೆಗೆಯುವುದಿಲ್ಲ.