ಅಡಿಕೆ ಸುಲಿಯುವ ಕೈ, ಮೊಬೈಲಿನ ಗಾಜು

ತೀರ್ಥಹಳ್ಳಿ, 17 ನವೆಂಬರ್ 2024, ಭಾನುವಾರ

ಇಂದಿನ ಪ್ರಯೋಗ ಕೆಟ್ಟಿತು, ಕೆಡಿಸಿದವಳು ನಾನೇ.

ಜನರು ಮೊಬೈಲನ್ನು ಹೇಗೆ ಹಿಡಿಯುತ್ತಾರೆ, ಯಾವ ಬೆರಳಿನಿಂದ ಎಲ್ಲಿ ಮುಟ್ಟುತ್ತಾರೆ ಎಂಬ ನನ್ನ ಅಧ್ಯಯನಕ್ಕಾಗಿ ಸಂಜೆ ಊರಾಚೆಯ ಮನೆಯೊಂದರ ಚಪ್ಪರಕ್ಕೆ ಹೋಗಿದ್ದೆ. ಕೊಯ್ಲಿನ ಕಾಲವಾದ್ದರಿಂದ ಅಲ್ಲಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಮೆಟ್ಟಿಕೊಂಡು ಹಸಿ ಅಡಿಕೆ ಸುಲಿಯುತ್ತಿದ್ದರು. ನಾನು ಕೊಡುವ ಫೋನಿನಲ್ಲಿ ಒಂದಾದ ಮೇಲೊಂದು ಚೌಕ ಮೂಡುತ್ತದೆ. ಅದನ್ನು ಹೆಬ್ಬೆರಳಿನಿಂದ ಮುಟ್ಟಬೇಕು, ಅಷ್ಟೇ. ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕೆಂದು ನನ್ನ ಸೂಚನಾಪತ್ರದಲ್ಲಿ ಬರೆದಿತ್ತು. ಮೂವರು ಹಾಗೆಯೇ ಮಾಡಿದರು, ಅಂಕಿಗಳೂ ಚೆನ್ನಾಗಿ ಬಂದವು.

ನಾಲ್ಕನೆಯವರನ್ನು ಏಳಿಸುವಷ್ಟರಲ್ಲಿ ಅವರ ಸ್ವಂತ ಫೋನೇ ಬಡಿದುಕೊಂಡಿತು. ಅವರು ಕತ್ತಿಯಿಂದ ಕಾಲು ತೆಗೆಯಲಿಲ್ಲ. ಅಡಿಕೆಯ ರಸದಿಂದ ಕಪ್ಪಾದ ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು. ಅದನ್ನೂ ತೋರುಬೆರಳನ್ನೂ ಮೇಲಕ್ಕೆತ್ತಿ ಹಿಡಿದು, ಗೋಣಿಯ ಮೇಲಿದ್ದ ಫೋನಿನ ಗಾಜನ್ನು ಕಿರುಬೆರಳಿನ ಪಕ್ಕದಿಂದ ಒಮ್ಮೆ ಎಳೆದರು. ಕರೆ ಸಿಕ್ಕಿತು. ಮಾತು ಮುಗಿದ ಮೇಲೆ ನಾನು ಕೇಳಿದ್ದಕ್ಕೆ, "ಕೈ ತೊಳ್ಕೊಂಡು ಬಂದ್ರೆ ಮತ್ತೆ ಕೂರೋಕೆ ಮನ್ಸಾಗಲ್ಲ ತಂಗಿ. ಕಿರುಬೆರಳು ಸಾಕು" ಎಂದರು. ಉಳಿದವರ ಕೈಗಳನ್ನು ಆಗ ಗಮನಿಸಿದೆ: ಒಬ್ಬರು ಬೆರಳಿನ ಗೆಣ್ಣನ್ನು ಬಳಸುತ್ತಿದ್ದರು, ಇನ್ನೊಬ್ಬರು ಮಗಳನ್ನು ಕೂಗುತ್ತಿದ್ದರು. ಅಳೆಯಬೇಕಾಗಿದ್ದುದನ್ನೇ ನಾನು ತೊಳೆಸಿಬಿಟ್ಟಿದ್ದೆ.

ಜನರು ಯಂತ್ರಗಳನ್ನು ಬಳಸುವ ಬಗೆಯನ್ನು ಅಳೆಯುವ ಈ ಶಾಸ್ತ್ರದ ಬುನಾದಿಯೇ ಬಿಡುವಾದ ಕೈ. 1954ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಎರಡು ಲೋಹದ ಪಟ್ಟಿಗಳನ್ನು ಕಡ್ಡಿಯಿಂದ ಸರದಿಯಂತೆ ತಟ್ಟಿಸಿ, ಗುರಿ ದೂರವಾದಷ್ಟೂ ಕಿರಿದಾದಷ್ಟೂ ಹೆಚ್ಚು ಸಮಯ ಹಿಡಿಯುತ್ತದೆ ಎಂಬುದನ್ನು ಸೂತ್ರಕ್ಕಿಳಿಸಿದರು. ಫೋನು ಹಿಡಿದ ಕೈಯದೇ ಹೆಬ್ಬೆರಳಿನಿಂದ ಮುಟ್ಟಲು ಪರದೆಯ ಗುಂಡಿ ಸುಮಾರು 9.2 ಮಿಲಿಮೀಟರ್ ಇದ್ದರೆ ಸಾಕೆಂದು ಸಂಶೋಧಕರಾದ ಪಾರ್ಹಿ, ಕಾರ್ಲ್‌ಸನ್ ಮತ್ತು ಬೆಡರ್ಸನ್ 2006ರಲ್ಲಿ ಕಂಡುಕೊಂಡರು. ನನ್ನ ಚೌಕಗಳ ಅಳತೆಯೂ ಅಲ್ಲಿಂದಲೇ ಬಂದದ್ದು. 2013ರಲ್ಲಿ ಮೊಬೈಲ್ ವಿನ್ಯಾಸಕಾರ ಸ್ಟೀವನ್ ಹೂಬರ್ ಬೀದಿಯಲ್ಲಿ, ಬಸ್ಸಿನಲ್ಲಿ ಜನರನ್ನು 1,333 ಸಲ ಗಮನಿಸಿ, ಅವರು ಪರದೆ ಮುಟ್ಟುತ್ತಿದ್ದ 780 ಸಲಗಳ ಪೈಕಿ ಶೇಕಡ 49ರಷ್ಟು ಸಲ ಒಂದೇ ಕೈಯ ಬಳಕೆಯನ್ನು ದಾಖಲಿಸಿದರು. ಅವರಾದರೂ ಪ್ರಯೋಗಾಲಯದಿಂದ ಹೊರಗೆ ಬಂದರು ಎಂಬುದು ನನಗೆ ದೊಡ್ಡ ವಿಷಯವಾಗಿಯೇ ಕಾಣುತ್ತದೆ.

ಕಿರುಬೆರಳಿನ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಬೆರಳಿನ ಮೇಲ್ಭಾಗ, ಅಂದರೆ ಉಗುರಿನ ಕಡೆ, ನಮ್ಮ ಕಣ್ಣಿಗೆ ಬೀಳುತ್ತದೆ. ನಾವು ಗುರಿ ಹಿಡಿಯುವುದು ಅದರಿಂದ. ಯಂತ್ರಕ್ಕೆ ತಿಳಿಯುವುದು ಗಾಜಿಗೆ ತಾಗಿದ ತಳಭಾಗ ಮಾತ್ರ. ಈ ಅಂತರದಿಂದಲೇ ತಪ್ಪು ಹುಟ್ಟುತ್ತದೆ ಎಂದು ಸಂಶೋಧಕರಾದ ಕ್ರಿಶ್ಚಿಯನ್ ಹೋಲ್ಜ್ ಮತ್ತು ಪ್ಯಾಟ್ರಿಕ್ ಬೌಡಿಶ್ 2011ರಲ್ಲಿ ತೋರಿಸಿದರು. ಕಿರುಬೆರಳನ್ನು ಮಗ್ಗುಲಾಗಿ ಎಳೆದರೆ ಆ ಅಂತರ ಯಾವ ಕಡೆಗೆ ಎಷ್ಟು ಸರಿಯುತ್ತದೆ ಎಂಬುದನ್ನು ನಾನು ಅಳೆಯಬಹುದು. ಬಟ್ಟೆ ಸುತ್ತಿದ ಹೆಬ್ಬೆರಳ ಕಥೆ ಬೇರೆ: ಈ ಗಾಜು ಗ್ರಹಿಸುವುದು ಒತ್ತಡವನ್ನಲ್ಲ, ಚರ್ಮದ ಸಾಮೀಪ್ಯದಿಂದ ವಿದ್ಯುದಂಶದಲ್ಲಾಗುವ ಬದಲಾವಣೆಯನ್ನು; ನಡುವೆ ದಪ್ಪ ಬಟ್ಟೆ ಬಂದರೆ ಎಷ್ಟು ಒತ್ತಿದರೂ ಅದು ಸುಮ್ಮನಿರುತ್ತದೆ. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಗಾಜಿನ ಮೇಲೆ ಬಿದ್ದ ಹನಿಯನ್ನೇ ಬೆರಳೆಂದು ತಿಳಿದು ಯಾರಿಗೋ ಕರೆ ಹೋಗುವುದನ್ನು ಇಲ್ಲಿ ಎಲ್ಲರೂ ಅನುಭವಿಸಿದ್ದಾರೆ.

ಮೊದಲ ಮೂವರ ಅಂಕಿಗಳನ್ನು ಬೇರೆ ಕಡತಕ್ಕೆ ಹಾಕಿದ್ದೇನೆ; ಎಸೆಯುವುದಿಲ್ಲ, ತೊಳೆದ ಕೈಗೂ ತೊಳೆಯದ ಕೈಗೂ ಹೋಲಿಕೆಗೆ ಬೇಕಾಗುತ್ತವೆ. ಸೂಚನಾಪತ್ರದ ಎರಡನೆಯ ಸಾಲನ್ನು ಹೊಡೆದುಹಾಕಿ, "ಇರುವ ಕೈಯಲ್ಲೇ, ನಿಮಗೆ ಅನುಕೂಲವಾದ ಬೆರಳಿನಿಂದ ಮುಟ್ಟಿ" ಎಂದು ಬರೆದೆ. ಫೋನನ್ನು ಕೈಗೆ ಕೊಡದೆ ಗೋಣಿಯ ಮೇಲೆಯೇ ಇಡಬೇಕು. ನಾಡಿದ್ದು ಅದೇ ಚಪ್ಪರಕ್ಕೆ ಮತ್ತೆ ಹೋಗುತ್ತೇನೆ. ಕಿರುಬೆರಳಿನ ಆ ಅಕ್ಕ ಬರಹೇಳಿದ್ದಾರೆ, ಆದರೆ ಸುಮ್ಮನೆ ಕೂರದೆ ಒಂದು ಡಬ್ಬವಾದರೂ ಸುಲಿಯಬೇಕಂತೆ.