ಗಡಿಯಾರದ ಜೊತೆ ಹೆಜ್ಜೆ ಹಾಕದ ಟ್ರ್ಯಾಕ್

ಗಡಿಯಾರ ರಿಪೇರಿ ಮಾಡುವ ಅಜ್ಜ ಒಬ್ಬರ ಬಗ್ಗೆ ಮೂರು ನಿಮಿಷದ ಸಾಕ್ಷ್ಯಚಿತ್ರ ಎಡಿಟ್ ಮಾಡುತ್ತಿದ್ದೆ. ಹಿನ್ನೆಲೆಗೆ ಹಾಡು ಬೇಡ, ಮಾತಿಲ್ಲದ ಎಲೆಕ್ಟ್ರಾನಿಕ್ ಸಂಗೀತ ಸಾಕು ಅನ್ನಿಸಿತ್ತು. ಹುಡುಕುತ್ತಾ ಹುಡುಕುತ್ತಾ ಒಂದು ರಾತ್ರಿ ಸಿಕ್ಕಿಯೇಬಿಟ್ಟಿತು. ಮೆಲ್ಲಗೆ ಅರಳುವ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯದ ನಾದ), ಅದರ ಕೆಳಗೆ ಎದೆಬಡಿತದಂಥ ಕಿಕ್, ಅಂದರೆ ಡ್ರಮ್ಮಿನ ದಪ್ಪ ಬಡಿತ. ಹೆಡ್‌ಫೋನ್ ಹಾಕಿಕೊಂಡು ನಾಲ್ಕು ಸಲ ಕೇಳಿದೆ. ಇದೇ ಅಂತ ತೀರ್ಮಾನಿಸಿ ಖುಷಿಯಲ್ಲಿ ಮಲಗಿದೆ.

ಬೆಳಿಗ್ಗೆ ಅದನ್ನು ಅಜ್ಜನ ಮಾತಿನ ಕೆಳಗೆ ಇಟ್ಟು ಕೇಳಿದೆ. ಅವರದು ಮೆತ್ತನೆಯ ದನಿ. "ಬರೀ ಕೀಲಿ ಕೊಟ್ರೆ ಸಾಲದು, ಕಿವಿನೂ ಕೊಡಬೇಕು" ಅನ್ನುತ್ತಾರೆ. ಇಡೀ ಚಿತ್ರದ ಜೀವ ಆ ಮಾತು. ಆದರೆ 'ಕಿವಿ' ಅನ್ನುವುದು ಸಿಂಥ್‌ನಲ್ಲಿ ಮುಳುಗಿಹೋಗಿತ್ತು. ಕ, ತ, ಸ ಇಂಥ ಅಕ್ಷರಗಳು ಸ್ಪಷ್ಟವಾಗಿ ಕೇಳಲು 2,000ದಿಂದ 4,000 ಹರ್ಟ್ಜ್ ಆಸುಪಾಸಿನ ಕಂಪನಾಂಕದ ಜಾಗ ತುಂಬಾ ಮುಖ್ಯ. ಸಿಂಥ್ ಅಲ್ಲೇ ಹೋಗಿ ಕೂತಿತ್ತು. ವಾಲ್ಯೂಮ್ ಇಳಿಸಿದರೆ ಸಂಗೀತವೇ ಸತ್ತುಹೋಗುತ್ತಿತ್ತು. ಈಕ್ವಲೈಜರ್‌ನಲ್ಲಿ ಆ ಭಾಗ ಮಾತ್ರ ತಗ್ಗಿಸಿದೆ. ಮಾತು ಮೇಲೆ ಬಂತು, ಸಿಂಥ್ ಮಂಕಾಯಿತು.

ಅಷ್ಟಾದರೂ ಏನೋ ಕಿರಿಕಿರಿ. ಎರಡನೇ ನಿಮಿಷದಲ್ಲಿ ಅಜ್ಜ ಸುಮ್ನೆ ಕೂತು ಉದ್ದ ಲೋಲಕದ ಗಡಿಯಾರವೊಂದನ್ನು ಆಲಿಸುವ ದೃಶ್ಯ ಇದೆ. ಲೋಲಕ ಹೆಚ್ಚುಕಡಿಮೆ ಒಂದು ಮೀಟರ್, ಸೆಕೆಂಡಿಗೆ ಒಂದು ಟಿಕ್. ಟ್ರ್ಯಾಕ್ ನಿಮಿಷಕ್ಕೆ 118 ಬಡಿತದ್ದು. ಶುರುವಿನಲ್ಲಿ ಟಿಕ್ ಮತ್ತು ಕಿಕ್ ಒಟ್ಟಿಗೆ ಬೀಳುತ್ತವೆ. ನಂತರ ಟಿಕ್ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. 15ನೇ ಸೆಕೆಂಡಿಗೆ ಸರಿಯಾಗಿ ಎರಡು ಕಿಕ್‌ಗಳ ನಡುವೆ. 30ಕ್ಕೆ ಮತ್ತೆ ಒಂದಾಗುತ್ತವೆ. ನೋಡುವವರಿಗೆ ಏನು ಅಂತ ಗೊತ್ತಾಗಲಿಕ್ಕಿಲ್ಲ, ಆದರೆ ಗಡಿಯಾರ ಕೆಟ್ಟಿದೆ ಅನ್ನಿಸುತ್ತದೆ. ಅದನ್ನು ಸರಿಮಾಡಿದವರ ಚಿತ್ರದಲ್ಲಿ ಅದು ಅನ್ಯಾಯ ಅಲ್ವಾ? ಟ್ರ್ಯಾಕನ್ನು 120ಕ್ಕೆ ಎಳೆದರೆ ಎರಡು ಬಡಿತಕ್ಕೊಂದು ಟಿಕ್, ಲೆಕ್ಕ ಸರಿಹೋಗುತ್ತದೆ.

ಫೋನಿನ ಸ್ಪೀಕರ್‌ನಲ್ಲೂ ಕೇಳಿದೆ. ಬೇಸ್, ಅಂದರೆ ತಗ್ಗಿನ ಸದ್ದು, ಪೂರ್ತಿ ಮಾಯ, ಆದರೂ ರಾಗ ಉಳಿದಿತ್ತು. ಪರವಾಗಿಲ್ಲ.

ಲೈಸೆನ್ಸ್ ಓದಿದ್ದು ಕೊನೆಗೆ. ಮೊದಲೇ ಓದಬೇಕಿತ್ತು. ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಂತ ಇತ್ತು, ಸಂಗೀತ ಮಾಡಿದವರ ಹೆಸರು ಹಾಕಿದರೆ ಸಾಕು ಅಂದುಕೊಂಡಿದ್ದೆ. ಪಕ್ಕದಲ್ಲೇ 'ಎನ್‌ಡಿ' ಎಂಬ ಎರಡಕ್ಷರ. ಅಂದರೆ ಬದಲಾಯಿಸಿ ಹಂಚುವಂತಿಲ್ಲ. ವೇಗ ಬದಲಿಸುವ ಮಾತು ಬಿಡಿ, ಚಿತ್ರಕ್ಕೆ ಸಂಗೀತ ಹೊಂದಿಸುವುದನ್ನೇ ಆ ಲೈಸೆನ್ಸ್ ಬದಲಾವಣೆ ಅಂತ ಲೆಕ್ಕ ಹಾಕುತ್ತದೆ. ಪ್ರತ್ಯೇಕ ಅನುಮತಿ ಇಲ್ಲದೆ ಬಳಸುವ ಹಾಗೇ ಇರಲಿಲ್ಲ.

ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಸಂಗೀತ ಮಾಡಿದವರಿಗೆ ಎಲ್ಲ ವಿವರಿಸಿ ಬರೆದೆ, ಆ ದೃಶ್ಯವನ್ನೂ ಕಳಿಸಿದೆ. ಮೂರನೇ ದಿನ ಉತ್ತರ ಬಂತು. ಲಿಖಿತ ಅನುಮತಿ, ಜೊತೆಗೆ 120ರ ವೇಗದಲ್ಲಿ ಹೊಸದಾಗಿ ತೆಗೆದ ಟ್ರ್ಯಾಕ್. ಸಿಂಥ್, ಬೇಸ್, ಕಿಕ್ ಎಲ್ಲ ಬೇರೆ ಬೇರೆ ಫೈಲು. ನನಗೆ ಕಣ್ಣು ತುಂಬಿ ಬಂತು.

ಆ ದೃಶ್ಯಕ್ಕೆ ಬೇಸ್ ಮಾತ್ರ ಇಟ್ಟೆ, ಕಿಕ್ ತೆಗೆದೆ. ಅದು ಬಡಿಯುತ್ತಿದ್ದ ಜಾಗದಲ್ಲಿ ಈಗ ಅಜ್ಜನ ಗಡಿಯಾರವೇ ಬಡಿಯುತ್ತದೆ.